ಹೇಳದೆ ಕೇಳದೆ ಕಷ್ಟ ಬಂದಾಗ: ಎಲ್ಲಿಂದ ಶುರು ಮಾಡೋದು, ದೇವರ ಹತ್ತಿರ ಹೇಗೆ ಹೋಗೋದು

ನಡುರಾತ್ರಿ ಫೋನ್ ಬರುತ್ತದೆ. ಅಥವಾ ಡಾಕ್ಟರು ರಿಪೋರ್ಟ್ ನೋಡುತ್ತಾ ಒಂದು ನಿಮಿಷ ಸುಮ್ಮನಾಗುತ್ತಾರೆ. ಅಥವಾ ಇಪ್ಪತ್ತು ವರ್ಷ ಜೊತೆಗಿದ್ದವರು ಒಂದು ದಿನ ಬ್ಯಾಗ್ ತಗೊಂಡು ಹೊರಟುಬಿಡುತ್ತಾರೆ. ಆ ಕ್ಷಣದ ತನಕ ನಂಬಿಕೆ ಅಂದರೆ ಏನು ಅಂತ ನಮಗೆ ಚೆನ್ನಾಗಿ ಗೊತ್ತಿತ್ತು ಅಂದುಕೊಂಡಿರುತ್ತೇವೆ. ಆಮೇಲೆ ಏನೂ ಗೊತ್ತಿಲ್ಲ ಅನಿಸುತ್ತದೆ.

ನನಗೆ ಹಾಗೇ ಆಯಿತು. ಅಪ್ಪ ಒಂದು ಬೆಳಿಗ್ಗೆ ಸ್ಟ್ರೋಕ್ ಆಗಿ ಬಿದ್ದರು. ಹನ್ನೊಂದು ದಿನ ಐಸಿಯು ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತಿದ್ದೆ. ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಸತ್ಯವೇದದ (ಬೈಬಲಿನ) ವಚನಗಳಿಗೆ ಲೆಕ್ಕವಿಲ್ಲ, ಬಹುಮಾನ ಕೂಡ ಬಂದಿತ್ತು, ಆದರೆ ಆ ಕುರ್ಚಿಯಲ್ಲಿ ಕೂತಾಗ ಒಂದೇ ಒಂದು ವಚನ ನೆನಪಿಗೆ ಬರಲಿಲ್ಲ. ನಾನು ಸುಳ್ಳು ಕ್ರೈಸ್ತ ಇರಬೇಕು ಅಂತ ಹೆದರಿಕೆ ಬೇರೆ ಶುರುವಾಯಿತು. ಅಂಥ ಕುರ್ಚಿಯಲ್ಲಿ ಈಗ ಕೂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಪಾಸ್ಟರ್ ಅಲ್ಲ. ಇದು ಪ್ರಸಂಗವೂ ಅಲ್ಲ. ಏನು ಮಾಡಬಹುದು, ಯಾವುದನ್ನು ಬಿಟ್ಟರೆ ಒಳ್ಳೆಯದು, ಸತ್ಯವೇದದ ಯಾವ ಪುಟ ತೆರೆಯಬಹುದು, ಅಷ್ಟೇ.

ಮೊದಲೇ ಒಂದು ಮಾತು. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಬೇಕು ಅಂತೇನಿಲ್ಲ. ಆದರೆ ಮೊದಲನೆಯದನ್ನು ಮಾತ್ರ ದಯವಿಟ್ಟು ಮೊದಲೇ ಮಾಡಿ.

1. ಮೊದಲ ಕೆಲವು ದಿನ: ಊಟ, ನಿದ್ದೆ, ನೀರು

ಭಕ್ತಿಯ ಮಾತು ಹುಡುಕಿಕೊಂಡು ಬಂದವರಿಗೆ ಇದು ಸಪ್ಪೆ ಅನಿಸಬಹುದು. ಆದರೆ ಸತ್ಯವೇದದಲ್ಲಿ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿ ನೋಡಿ. ಎಲೀಯ ದೊಡ್ಡ ಪ್ರವಾದಿ. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು. ಅಂಥವನು ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳುತ್ತಾನೆ.

ದೇವರು ಆಗ ಏನು ಮಾಡಿದರು? ಬೈಯಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಅವನು ನಿದ್ದೆ ಮಾಡಿದ. ದೇವದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿದ, ಮತ್ತೆ ತಿನ್ನು, ದಾರಿ ದೂರ ಇದೆ ಅಂದ. ಹೋರೇಬ್ ಬೆಟ್ಟದ ಮೇಲೆ ದೇವರ ಜೊತೆಗಿನ ಮಾತುಕತೆ, ದೇವರ ಆ ಮೆಲ್ಲನೆಯ ಧ್ವನಿ, ಅದೆಲ್ಲ ಆಮೇಲಿನದು, ನಲವತ್ತು ದಿನದ ನಂತರ.

ಹಾಗಾಗಿ ಹಸಿವಿಲ್ಲದಿದ್ದರೂ ಹೊತ್ತಿಗೆ ಸ್ವಲ್ಪ ತಿನ್ನಿ. ಮಲಗಿ. ನಿದ್ದೆ ಬಾರದಿದ್ದರೂ ಕಣ್ಣು ಮುಚ್ಚಿ ಉದ್ದಕ್ಕೆ ಮಲಗಿ. ಯಾರಾದರೂ ನಾನು ಇಲ್ಲಿರುತ್ತೇನೆ, ನೀನು ಎರಡು ಗಂಟೆ ಮನೆಗೆ ಹೋಗಿ ಬಾ ಅಂದರೆ ಹೋಗಿ ಬನ್ನಿ. ಕಷ್ಟದ ಮೊದಲ ದಿನವೇ ಉಪವಾಸ ಪ್ರಾರ್ಥನೆ ಶುರು ಮಾಡುವವರನ್ನು ನೋಡಿದ್ದೇನೆ. ಉಪವಾಸ ಬೇಡ ಅನ್ನುತ್ತಿಲ್ಲ, ಆದರೆ ಆಸ್ಪತ್ರೆಯಲ್ಲಿ ಓಡಾಡಬೇಕಾದ ಮನುಷ್ಯ ತಲೆ ಸುತ್ತಿ ಬಿದ್ದರೆ ಇನ್ನೊಂದು ಬೆಡ್ ಬೇಕಾಗುತ್ತದೆ, ಅಷ್ಟೇ. ಉಪವಾಸವನ್ನು ದೂರದಲ್ಲಿರುವ ಗೆಳೆಯರಿಗೆ ಬಿಡಿ.

2. ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಬೇರೆಯವರದನ್ನು ಎರವಲು ತಗೊಳ್ಳಿ

ಆ ಹನ್ನೊಂದು ದಿನ ನಾನು ಮಾಡಿದ ಪ್ರಾರ್ಥನೆ ಒಂದೇ ಪದ, "ದೇವರೇ". ಅದರ ಮುಂದೆ ವಾಕ್ಯ ಇರಲಿಲ್ಲ. ಎಷ್ಟೋ ದಿನದ ಮೇಲೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8:26 (8ನೇ ಅಧ್ಯಾಯ, 26ನೇ ವಚನ) ಮತ್ತೆ ಓದಿದಾಗ ಜೀವ ಬಂದ ಹಾಗಾಯಿತು. ಏನು ಬೇಡಬೇಕು ಅಂತ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅನ್ನುತ್ತಾನೆ ಪೌಲ. ಅಂದರೆ ನರಳುವುದೂ ಪ್ರಾರ್ಥನೆಯ ಲೆಕ್ಕಕ್ಕೆ ಸೇರುತ್ತದೆ.

ಮಾಡಲು ಸುಲಭವಾದ ಮೂರು ದಾರಿ ಇವೆ. ಒಂದು, ಪರಲೋಕ ಪ್ರಾರ್ಥನೆ. ಅದನ್ನು ಯೇಸುವೇ ಕಲಿಸಿಕೊಟ್ಟದ್ದು. ನಿಮ್ಮ ಮಾತು ಮುಗಿದಾಗ ಅವರ ಮಾತು ಇದೆ. ನಿಧಾನಕ್ಕೆ, ಒಂದೊಂದು ಸಾಲು, ಮನಸ್ಸು ನಿಲ್ಲದಿದ್ದರೂ ಹೇಳಿ. ಎರಡು, ಉಸಿರಿನ ಜೊತೆ ಒಂದು ಚಿಕ್ಕ ಮಾತು: ಉಸಿರು ಒಳಗೆ ತಗೊಳ್ಳುವಾಗ "ಯೇಸುವೇ", ಬಿಡುವಾಗ "ಕರುಣಿಸು". ಯೆರಿಕೋವಿನ ದಾರಿ ಪಕ್ಕದಲ್ಲಿ ಕೂತಿದ್ದ ಕುರುಡ ಬಾರ್ತಿಮಾಯ ಕೂಗಿದ್ದು ಇದನ್ನೇ, ಸುತ್ತ ಇದ್ದವರು ಸುಮ್ಮನಿರು ಅಂತ ಗದರಿಸಿದರೂ ಇನ್ನೂ ಜೋರಾಗಿ ಕೂಗಿದ. ಮೂರು, ನನಗಾಗಿ ಪ್ರಾರ್ಥಿಸಿ ಅಂತ ನಿಜವಾಗಿಯೂ ಪ್ರಾರ್ಥಿಸುವ ಇಬ್ಬರು ಮೂವರಿಗೆ ಮೆಸೇಜ್ ಹಾಕಿ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ತೆಗೆದು ಇಳಿಸುತ್ತಾರೆ ಅಲ್ವಾ. ಅಲ್ಲಿ ಯೇಸು "ಅವರ" ನಂಬಿಕೆಯನ್ನು ನೋಡಿದರು ಅಂತಿದೆ. ಹಾಸಿಗೆಯಲ್ಲಿ ಮಲಗಿದ್ದವನು ಒಂದು ಮಾತೂ ಆಡಿದ ಹಾಗಿಲ್ಲ.

3. ದೇವರ ಹತ್ತಿರ ಜಗಳ ಆಡಿ, ಬರೆದಿಟ್ಟು ಆಡಿ

ನನ್ನ ಮಟ್ಟಿಗೆ ಇದೇ ಮುಖ್ಯ ಹೆಜ್ಜೆ. ನಾವು ಇದನ್ನೇ ಬಿಟ್ಟುಬಿಡುತ್ತೇವೆ. ಸಭೆಯಲ್ಲಿ (ಚರ್ಚಿನಲ್ಲಿ) ಹೇಗಿದ್ದೀರಿ ಅಂದರೆ "ದೇವರ ಕೃಪೆ, ಚೆನ್ನಾಗಿದ್ದೇವೆ" ಅಂತ ಬಾಯಿ ತಾನಾಗಿ ಹೇಳುತ್ತದೆ. ಒಳಗೆ ಕುದಿಯುತ್ತಿರುತ್ತದೆ. ದೇವರ ಮೇಲೆ ಸಿಟ್ಟು ಬಂದಿದೆ ಅಂತ ಒಪ್ಪಿಕೊಳ್ಳಲು ಭಯ. ಹಾಗಾಗಿ ಆ ಸಿಟ್ಟನ್ನು ಮನೆಯವರ ಮೇಲೆ ತೋರಿಸುತ್ತೇವೆ, ಇಲ್ಲಾ ಮೆಲ್ಲಗೆ ಪ್ರಾರ್ಥನೆಯನ್ನೇ ನಿಲ್ಲಿಸುತ್ತೇವೆ. ಜಗಳ ಆಡಿದ್ದಕ್ಕಿಂತ ಹೀಗೆ ಮಾತು ಬಿಟ್ಟಿದ್ದರಿಂದಲೇ ಜಾಸ್ತಿ ಜನ ದೂರ ಹೋಗಿದ್ದಾರೆ ಅನ್ನುವುದು ನಾನು ಕಂಡದ್ದು.

ಸತ್ಯವೇದದ ಕೀರ್ತನೆಗಳು 150. ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ದೂರು, ಅಳು, ಮೊರೆ. ಅವು ಗುಟ್ಟಾಗಿ ಬರೆದಿಟ್ಟ ಡೈರಿಯ ಪುಟಗಳಲ್ಲ, ಎಲ್ಲರೂ ಸೇರಿ ಆರಾಧನೆಯಲ್ಲಿ ಹಾಡುತ್ತಿದ್ದ ಹಾಡುಗಳು. ಕೀರ್ತನೆ 88 ಅಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಸೇರಿಸುವ ಗೋಜಿಗೂ ಹೋಗುವುದಿಲ್ಲ. ಅದನ್ನು ಯಾರೂ ಕಿತ್ತು ಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಕೀರ್ತನೆ 22ರ ಮೊದಲ ಸಾಲು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ದೇವರ ಮಗನೇ ಕೇಳಿದ ಪ್ರಶ್ನೆಯನ್ನು ನಾವು ಕೇಳಿದರೆ ತಪ್ಪಾಗುತ್ತದಾ?

ಹೇಗೆ ಮಾಡೋದು? ಕೀರ್ತನೆ 13 ತೆಗೆಯಿರಿ. ಬರೀ ಆರು ವಚನ. ಅದರ ಅಚ್ಚು ಬಹಳ ಸರಳ. ಮೊದಲ ಎರಡು ವಚನ ದೂರು, "ಇನ್ನೆಷ್ಟರ ತನಕ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಆಮೇಲಿನ ಎರಡು ವಚನ ಬೇಡಿಕೆ. ನನ್ನ ಕಡೆ ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು ಅಂತ. ಕೊನೆಯ ಎರಡು ವಚನ ಭರವಸೆ. ಒಂದು ನೋಟ್‌ಬುಕ್ ತಗೊಂಡು ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಮೊದಲು ಹೆಸರು ಹಿಡಿದು ಕರೆಯಿರಿ, ದೇವರೇ, ತಂದೆಯೇ, ಯೇಸುವೇ, ನಿಮಗೆ ಬಂದ ಹಾಗೆ. ಆಮೇಲೆ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ. "ನನ್ನ ಜೀವನದಲ್ಲಿ ಕೆಲವು ಸವಾಲುಗಳಿವೆ" ಅಂತ ಮೀಟಿಂಗಿನಲ್ಲಿ ಮಾತಾಡುವ ಹಾಗೆ ಬರೆಯಬೇಡಿ. "ಅಮ್ಮನಿಗೆ ಕ್ಯಾನ್ಸರ್, ನಾನು ಮೂರು ತಿಂಗಳಿಂದ ಬೇಡುತ್ತಿದ್ದೇನೆ, ನೀನು ಕೇಳಿಸಿಕೊಳ್ಳುತ್ತಿಲ್ಲ ಅನಿಸುತ್ತಿದೆ" ಅಂತ ಬರೆಯಿರಿ. ಆಮೇಲೆ ಏನು ಬೇಕು ಅಂತ ಕೇಳಿ, ನಾಚಿಕೆ ಬೇಡ, ದೊಡ್ಡದನ್ನೂ ಕೇಳಿ. ಕೊನೆಯ ಭಾಗ, ಆ ಭರವಸೆಯ ಸಾಲು, ಇವತ್ತು ಬಾರದಿದ್ದರೆ ಜಾಗ ಖಾಲಿ ಬಿಡಿ. ಸುಳ್ಳು ಬರೆಯಬೇಡಿ. ನನ್ನ ನೋಟ್‌ಬುಕ್‌ನಲ್ಲಿ ಅಂಥ ಖಾಲಿ ಜಾಗ ಆರು ವಾರ ಹಾಗೇ ಇತ್ತು.

ಪ್ರಲಾಪಗಳ ಪುಸ್ತಕವನ್ನೂ ನೋಡಿ. ಯೆರೂಸಲೇಮ್ ಹಾಳಾದಾಗಿನ ಗೋಳಾಟ ಅದು. ಐದು ಅಧ್ಯಾಯ. ಇಬ್ರಿಯ ವರ್ಣಮಾಲೆಯಲ್ಲಿ 22 ಅಕ್ಷರ. ಮೊದಲ, ಎರಡನೇ, ನಾಲ್ಕನೇ ಅಧ್ಯಾಯಗಳಲ್ಲಿ 22 ವಚನ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ. ಮೂರನೇ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೆ ಮೂರು, ಒಟ್ಟು 66. ನಾವು ಅ, ಆ, ಇ, ಈ ಅಂತ ಹಿಡಿದು ಕೊನೆಯ ಅಕ್ಷರದ ತನಕ ಅಳು ಬರೆದ ಹಾಗೆ. ಎಲ್ಲವೂ ಚೂರುಚೂರಾದಾಗ ಕೈಗೆ ಸಿಕ್ಕ ಒಂದೇ ಒಂದು ಕ್ರಮವನ್ನು, ಅಕ್ಷರಮಾಲೆಯನ್ನು, ಹಿಡಿದುಕೊಂಡು ಕೂತಿದ್ದಾನೆ ಆ ಮನುಷ್ಯ. ದೇವರ ಕರುಣೆ ಬೆಳಿಗ್ಗೆ ಬೆಳಿಗ್ಗೆ ಹೊಸದು ಅನ್ನುವ, ನಾವೆಲ್ಲ ಕಾರ್ಡಿನ ಮೇಲೆ ಬರೆದು ಗೋಡೆಗೆ ಹಾಕುವ ಮಾತು ಇರುವುದು ಆ ಮೂರನೇ ಅಧ್ಯಾಯದ ನಡುವೆ, ಇಪ್ಪತ್ತು ವಚನದಷ್ಟು ಕಹಿ ಕಕ್ಕಿದ ಮೇಲೆ. ಆಮೇಲೂ ಅಳು ಮುಂದುವರಿಯುತ್ತದೆ!

4. "ನಾನು ಏನು ಪಾಪ ಮಾಡಿದೆ?" ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡಿ

ಇದು ರಾತ್ರಿ ಎರಡು ಗಂಟೆಗೆ ಬರುವ ಪ್ರಶ್ನೆ. ಕೆಲವೊಮ್ಮೆ ನೆಂಟರೇ ಬಂದು ಕೇಳುತ್ತಾರೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಹಾಗೇ ಕೇಳಿದರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ? ಎರಡೂ ಅಲ್ಲ ಅಂದರು ಯೇಸು. ಅದು ಯೋಹಾನ 9. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಕೆಟ್ಟವರು ಅಂದುಕೊಂಡಿದ್ದೀರಾ, ಇಲ್ಲ ಅನ್ನುತ್ತಾರೆ ಯೇಸು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನಿಗೆ ಕೊನೆಯ ತನಕ ಕಾರಣ ಹೇಳಲೇ ಇಲ್ಲ. ಓದುವ ನಮಗೆ ಮೊದಲ ಎರಡು ಅಧ್ಯಾಯದಿಂದ ಒಂದಿಷ್ಟು ಗೊತ್ತು, ಅವನಿಗೆ ಅದೂ ಗೊತ್ತಾಗಲಿಲ್ಲ.

ನಿಜವಾಗಿ ತಪ್ಪು ಮಾಡಿದ್ದರೆ, ಉದಾಹರಣೆಗೆ ಕುಡಿದು ಗಾಡಿ ಓಡಿಸಿ ಅಪಘಾತ ಆಗಿದ್ದರೆ, ಅದು ಬೇರೆ ಮಾತು. ಒಪ್ಪಿಕೊಳ್ಳಿ, ಕ್ಷಮೆ ಕೇಳಿ, ಸರಿಪಡಿಸಲು ಆಗುವುದನ್ನು ಸರಿಪಡಿಸಿ. ಆದರೆ ಹತ್ತು ವರ್ಷದ ಹಿಂದೆ ಸಭೆಗೆ ಹೋಗದ ಭಾನುವಾರಗಳನ್ನು ಎಣಿಸಿಕೊಂಡು ಅದಕ್ಕೇ ಮಗುವಿಗೆ ಜ್ವರ ಬಂತು ಅಂತ ಲೆಕ್ಕ ಹಾಕುವುದು ಯೇಸು ಕಲಿಸಿದ ಲೆಕ್ಕವಲ್ಲ.

5. ವಚನಗಳನ್ನು ಮಾತ್ರೆಯ ಹಾಗೆ ನುಂಗಬೇಡಿ

ಕಷ್ಟದಲ್ಲಿ ವಾಟ್ಸಾಪ್‌ಗೆ ಒಂದೇ ದಿನ ನಲವತ್ತು ವಚನ ಬರುತ್ತವೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಅರ್ಧ ಕತ್ತರಿಸಿದ ವಚನ ಆಮೇಲೆ ಚುಚ್ಚುತ್ತದೆ. ಎರಡು ಮೂರು ಉದಾಹರಣೆ ಹೇಳುತ್ತೇನೆ.

"ದೇವರು ತಾಳಲಾರದಷ್ಟು ಭಾರ ಕೊಡುವುದಿಲ್ಲ." ಇದು ಪೌಲನ ಪತ್ರ, 1 ಕೊರಿಂಥ 10:13 ಅಂತ ಹೇಳುತ್ತಾರೆ. ಆ ವಚನ ಮಾತಾಡುತ್ತಿರುವುದು ಶೋಧನೆಯ ಬಗ್ಗೆ, ಅಂದರೆ ಪಾಪಕ್ಕೆ ಎಳೆಯುವ ಪ್ರಸಂಗದ ಬಗ್ಗೆ. ಎಲ್ಲ ಭಾರದ ಬಗ್ಗೆ ಅಲ್ಲ. ಅದೇ ಪೌಲ 2 ಕೊರಿಂಥ 1:8ರಲ್ಲಿ ನಮ್ಮ ಬಲಕ್ಕೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ ಬಾಯಿಬಿಟ್ಟು ಬರೆದಿದ್ದಾನೆ. ನಮ್ಮ ಮೇಲೆ ನಾವು ಭರವಸೆ ಇಡದೆ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲಿ ಅಂತ ಹೀಗಾಯಿತು ಅನ್ನುವುದು ಮುಂದಿನ ವಚನ. ನನಗೆ ಈ ಎರಡನೆಯದೇ ಜಾಸ್ತಿ ಧೈರ್ಯ ಕೊಟ್ಟಿತು. ತಾಳಲಾರೆ ಅನಿಸಿದರೆ ನಂಬಿಕೆ ಹೋಯಿತು ಅಂತಲ್ಲ. ಪೌಲನಿಗೂ ಹಾಗೇ ಅನಿಸಿತ್ತು.

ಯೆರೆಮೀಯ 29:11, ಒಳ್ಳೆಯ ಭವಿಷ್ಯ ಕೊಡುವ ಯೋಚನೆ ನನಗಿದೆ ಅನ್ನುವ ವಚನ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತಿದೆ. ಅದಕ್ಕೂ ಮೊದಲು ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅಂತಿದೆ. ಅಂದರೆ ಮುಂದಿನ ವಾರ ಎಲ್ಲ ಸರಿಹೋಗುತ್ತದೆ ಅನ್ನುವ ಮಾತಲ್ಲ. ಬೇಡದ ಊರಿನಲ್ಲೂ ದೇವರು ನಮ್ಮನ್ನು ಮರೆತಿಲ್ಲ ಅನ್ನುವ ಮಾತು. ಹಾಗೆ ಓದಿದರೆ ಅದು ದೀರ್ಘ ಕಾಯಿಲೆಯವರಿಗೆ, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರಿಗೆ ನಿಜವಾಗಿ ಹೊಂದುತ್ತದೆ.

ಫಿಲಿಪ್ಪಿ 4:13, ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅನ್ನುವುದು, ಪರೀಕ್ಷೆ ಪಾಸಾಗುವ ಮಂತ್ರವಲ್ಲ. ಸೆರೆಯಲ್ಲಿದ್ದ ಪೌಲ, ಹಸಿವಿನಲ್ಲೂ ಇರಬಲ್ಲೆ, ಸಮೃದ್ಧಿಯಲ್ಲೂ ಇರಬಲ್ಲೆ ಅಂದ ಮೇಲೆ ಬರೆದ ಸಾಲು.

ಏನು ಮಾಡಬಹುದು ಅಂದರೆ, ಒಂದು ವಾರಕ್ಕೆ ಒಂದೇ ಭಾಗ ಇಟ್ಟುಕೊಳ್ಳಿ. ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಸೇರಿಸಿ ಓದಿ. ಕೀರ್ತನೆ 23, 46, 77, 121, ಯೋಹಾನ 11, ರೋಮಾ 8ರ ಎರಡನೇ ಅರ್ಧ, ಇವುಗಳಲ್ಲಿ ಒಂದು ಆರಿಸಿ. ಓದಲು ಆಗದಿದ್ದರೆ ಫೋನಿನಲ್ಲಿ ಆಡಿಯೋ ಹಾಕಿಕೊಂಡು ಕಣ್ಣು ಮುಚ್ಚಿ. ಅದೂ ಆಗದಿದ್ದರೆ ಬಿಡಿ, ನಾಳೆ ನೋಡೋಣ.

6. ಇವತ್ತಿನದು ಇವತ್ತಿಗೆ

ವಿಮೋಚನಕಾಂಡ 16ರಲ್ಲಿ ಮನ್ನ ಬೀಳುತ್ತದೆ, ಅಡವಿಯಲ್ಲಿದ್ದ ಇಸ್ರಾಯೇಲರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ. ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ಕೂಡಿಸಬೇಕು. ನಾಳೆಗೆ ಇರಲಿ ಅಂತ ಇಟ್ಟುಕೊಂಡವರದು ಹುಳು ಬಿದ್ದು ನಾತ ಹೊಡೆಯಿತು. ಬಲವೂ ಹಾಗೇ ಬರುತ್ತದೆ ಅಂತ ನನಗೆ ಅನಿಸಿದೆ. ಆರು ತಿಂಗಳ ಆಚೆಯ ಭಯಕ್ಕೆ ಇವತ್ತು ಬಲ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಆ ದಿನ ಇನ್ನೂ ಬಂದೇ ಇಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ "ಈ ಹೊತ್ತಿನ" ಆಹಾರ ಅಂತಿದೆ.

ಬೆಳಿಗ್ಗೆ ಎದ್ದಾಗ ಒಂದು ಚೀಟಿಯಲ್ಲಿ ಇವತ್ತು ಮಾಡಲೇಬೇಕಾದ ಮೂರು ಕೆಲಸ ಬರೆಯಿರಿ. ಮೂರೇ. ಇನ್ಶೂರೆನ್ಸಿನವರಿಗೆ ಫೋನ್, ಮಗುವಿನ ಶಾಲೆಗೆ ಪತ್ರ, ಹತ್ತು ನಿಮಿಷ ಹೊರಗೆ ನಡೆಯುವುದು. ಚೀಟಿಯ ಹಿಂಬದಿಯಲ್ಲಿ ನಾಳೆಯ, ಮುಂದಿನ ತಿಂಗಳ ಭಯಗಳನ್ನು ಬರೆದು, ಇದು ನಿನ್ನ ಕೈಯಲ್ಲಿ ಅಂತ ದೇವರಿಗೆ ಹೇಳಿ ಮಡಚಿಡಿ. ಭಯ ಮತ್ತೆ ಬರುತ್ತದೆ, ಐದು ನಿಮಿಷಕ್ಕೇ ಬರುತ್ತದೆ. ಮತ್ತೆ ಮಡಚಿಡಿ. ರಾತ್ರಿ ಮಲಗುವಾಗ ಇವತ್ತು ಎಲ್ಲಿ ಸ್ವಲ್ಪ ಹಗುರವಾಯಿತು ಅಂತ ಒಂದು ಸಾಲು ಬರೆದಿಡಿ. ನರ್ಸ್ ಹೆಸರು ಕೇಳಿ ಮಾತಾಡಿಸಿದರು, ಅಷ್ಟಾದರೂ ಸಾಕು. ಕೀರ್ತನೆ 77ರಲ್ಲಿ ಅದನ್ನು ಬರೆದ ಆಸಾಫ, ದೇವರು ಕರುಣೆ ತೋರಿಸುವುದನ್ನೇ ಮರೆತನಾ ಅಂತ ಕೇಳಿ ಕೇಳಿ, ಕೊನೆಗೆ ಹಳೆಯದನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ಕೂರುತ್ತಾನೆ. ನೆನಪಿಸಿಕೊಳ್ಳಲು ಬರೆದದ್ದು ಇರಬೇಕಲ್ಲ.

7. ಸಹಾಯ ಕೇಳಿ, ಆದರೆ ಇಂಥದ್ದು ಬೇಕು ಅಂತ ಕೇಳಿ

ಏನಾದರೂ ಬೇಕಾದರೆ ಹೇಳಿ ಅಂತ ಎಲ್ಲರೂ ಅನ್ನುತ್ತಾರೆ. ನಾವು ಏನೂ ಬೇಡ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಸೆರೆಯಿಂದ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ಏನು ಕೇಳುತ್ತಾನೆ ನೋಡಿ. ಬೇಗ ಬಾ. ತ್ರೋವದಲ್ಲಿ ಕಾರ್ಪನ ಹತ್ತಿರ ಬಿಟ್ಟು ಬಂದ ನನ್ನ ಮೇಲಂಗಿ ತಗೊಂಡು ಬಾ. ಪುಸ್ತಕಗಳನ್ನೂ ತಾ. ಚಳಿಗಾಲಕ್ಕೆ ಮುಂಚೆ ಬಾ. ಸಾವಿನ ಹತ್ತಿರ ಇದ್ದ ಅಪೊಸ್ತಲ, ನನಗೆ ಕರ್ತನೇ ಸಾಕು ಅಂತ ಹೇಳಿ ಚಳಿಯಲ್ಲಿ ನಡುಗುತ್ತಾ ಕೂರಲಿಲ್ಲ. ಅದೇ ಪತ್ರದಲ್ಲಿ ಎಲ್ಲರೂ ಕೈಬಿಟ್ಟಾಗ ಕರ್ತನು ನನ್ನ ಪಕ್ಕ ನಿಂತನು ಅಂತಲೂ ಇದೆ, ಕೋಟು ತಾ ಅಂತಲೂ ಇದೆ. ಎರಡೂ ಒಂದೇ ನಂಬಿಕೆ.

ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂವರನ್ನು ಕರೆದುಕೊಂಡು ಹೋಗಿ, ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂತ ಕೇಳಿದರು. ಅವರು ನಿದ್ದೆ ಮಾಡಿದರು ಅನ್ನುವುದು ಬೇರೆ ವಿಷಯ. ನೀವು ಕೇಳಿದವರೂ ಕೆಲವರು ನಿದ್ದೆ ಮಾಡುತ್ತಾರೆ. ಬೇಜಾರಾಗುತ್ತದೆ. ಇನ್ನೊಬ್ಬರನ್ನು ಕೇಳಿ.

ಕೇಳುವಾಗ ಹೀಗೆ ಕೇಳಿ: "ಮಂಗಳವಾರ ಸಂಜೆ ನಾಲ್ಕರಿಂದ ಆರರ ತನಕ ಆಸ್ಪತ್ರೆಯಲ್ಲಿ ಕೂರಲು ಆಗುತ್ತಾ?", "ಬ್ಯಾಂಕಿನ ಫಾರಂ ನನಗೆ ತಲೆಗೆ ಹತ್ತುತ್ತಿಲ್ಲ, ಜೊತೆಗೆ ಬರ್ತೀರಾ?", "ಮಾತು ಬೇಡ, ಸುಮ್ನೆ ಬಂದು ಕೂತಿರು." ದುಡ್ಡಿನ ತೊಂದರೆ ಇದ್ದರೆ ಪಾಸ್ಟರಿಗೋ ಫಾದರಿಗೋ ಗುಟ್ಟಾಗಿ ಹೇಳಿ. ಎಷ್ಟೋ ಸಭೆಗಳಲ್ಲಿ ಇದಕ್ಕೆ ಅಂತಲೇ ಒಂದಿಷ್ಟು ಎತ್ತಿಟ್ಟಿರುತ್ತಾರೆ, ಕೇಳುವವರಿಲ್ಲದೆ ಹಾಗೇ ಇರುತ್ತದೆ.

8. ಹೆದರಿಕೆಯಲ್ಲಿ ಮಾಡಬಾರದ ಕೆಲವು

ಹರಕೆ. ಇದೊಂದು ಆದರೆ ಅದನ್ನು ಮಾಡುತ್ತೇನೆ ಅಂತ ಗಾಬರಿಯಲ್ಲಿ ಮಾತು ಕೊಡಬೇಡಿ. ನ್ಯಾಯಸ್ಥಾಪಕರು 11ರಲ್ಲಿ ಸೇನಾಪತಿ ಯೆಪ್ತಾಹ, ಯುದ್ಧ ಗೆದ್ದರೆ ಮನೆಯಿಂದ ನನ್ನ ಎದುರಿಗೆ ಬರುವುದನ್ನು ಬಲಿ ಕೊಡುತ್ತೇನೆ ಅಂತ ಮಾತು ಕೊಟ್ಟು, ಎದುರಿಗೆ ಬಂದ ಒಬ್ಬಳೇ ಮಗಳನ್ನು ನೋಡಿ ಬಟ್ಟೆ ಹರಿದುಕೊಂಡ. ಅಂಥ ಹರಕೆ ಬೇಕು ಅಂತ ದೇವರು ಕೇಳಿರಲಿಲ್ಲ.

ದುಡ್ಡು ಕೊಟ್ಟರೆ ವಾಸಿ ಮಾಡುತ್ತೇನೆ, ನಂಬಿಕೆ ಇದ್ದರೆ ಔಷಧಿ ಬಿಡು ಅನ್ನುವವರ ಹತ್ತಿರ ಹೋಗಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯ, ಹೊಟ್ಟೆ ಸರಿಯಿಲ್ಲದ ತಿಮೊಥೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಸಲಹೆ ಕೊಟ್ಟ. ಪೌಲ ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡುತ್ತಿದ್ದ ಒಂದು ಬಾಧೆಯನ್ನು, ತೆಗೆಯುವಂತೆ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಅವನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಯಾರಾದರೂ ಹೇಳಲಿ ನೋಡೋಣ!

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ, ಈಗಲೇ ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ಎಲೀಯನಿಗೂ ಆ ಯೋಚನೆ ಬಂದಿತ್ತು ಅಂತ ಮೊದಲೇ ಹೇಳಿದೆ. ಬಾಯಿಬಿಟ್ಟು ಹೇಳಿದ, ಹೇಳಿದ್ದರಿಂದಲೇ ಆ ಕತೆ ನಮಗೆ ಗೊತ್ತು.

ನೋಡಲು ಹೋಗುವವರಿಗೆ ಒಂದು ಮಾತು

ಇದು ಹೆಜ್ಜೆ ಅಲ್ಲ, ನನ್ನ ಹೊಟ್ಟೆಯಲ್ಲಿದ್ದ ಮಾತು. ಯೋಬನ ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು, ಜಗಳ ಆಡಿದ ಯೋಬನ ಮೇಲಲ್ಲ, ದೇವರ ಪರ ವಾದ ಮಾಡಿದ ಆ ಗೆಳೆಯರ ಮೇಲೆ.

ಯೋಹಾನ 11ರಲ್ಲಿ ಲಾಜರ ಸತ್ತಾಗ ಅವನ ಅಕ್ಕಂದಿರು ಮಾರ್ಥ, ಮರಿಯ ಇಬ್ಬರೂ ಯೇಸುವಿಗೆ ಹೇಳಿದ್ದು ಒಂದೇ ಮಾತು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳ ಜೊತೆ ಯೇಸು ಪುನರುತ್ಥಾನದ ಮಾತಾಡಿದರು. ಮರಿಯಳ ಜೊತೆ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ಒಬ್ಬರಿಗೆ ಮಾತು ಬೇಕು, ಇನ್ನೊಬ್ಬರಿಗೆ ಅಳು ಬೇಕು. ಯಾವುದು ಅಂತ ಗೊತ್ತಾಗದಿದ್ದರೆ ಪಾತ್ರೆ ತೊಳೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮ್ಮ ಮನೆಗೆ ಎಷ್ಟೋ ಜನ ಬಂದು ಪ್ರಾರ್ಥನೆ ಮಾಡಿದರು, ಎಲ್ಲರ ಮೇಲೂ ಗೌರವ ಇದೆ, ಆದರೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಸಭೆಯ ಒಬ್ಬ ಆಂಟಿ, ಏನೂ ಮಾತಾಡದೆ ಸೀರೆ ಸೆರಗು ಸಿಕ್ಕಿಸಿಕೊಂಡು ಮೂರು ದಿನದ ಪಾತ್ರೆ ತೊಳೆದಿಟ್ಟು ಹೋದದ್ದು.

9. ತಿಂಗಳುಗಳು ಕಳೆದ ಮೇಲೆ

ಅಪ್ಪ ಉಳಿದರು. ಎಡಗೈ ಸರಿಹೋಗಲಿಲ್ಲ, ಮಾತು ಅರ್ಧ ಬಂತು. ಎರಡು ವರ್ಷ ಇದ್ದು ಹೋದರು. ಪ್ರಾರ್ಥನೆಗೆ ಉತ್ತರ ಸಿಕ್ಕಿತಾ ಅಂತ ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತೇನೆ.

ಮೊದಲ ತಿಂಗಳು ಮನೆ ತುಂಬ ಜನ. ನಾಲ್ಕನೇ ತಿಂಗಳಿಗೆ ಫೋನ್ ನಿಲ್ಲುತ್ತದೆ. ಕಷ್ಟ ಜಾಸ್ತಿ ಅನಿಸುವುದು ಆಗಲೇ. ಸಭೆಗೆ ಹೋದರೆ ಎಲ್ಲರೂ ಕೇಳುತ್ತಾರೆ, ಹೋಗದಿದ್ದರೆ ಯಾರೂ ಕೇಳುವುದಿಲ್ಲ, ಎರಡೂ ಕಷ್ಟ. ನಾನು ಕಂಡುಕೊಂಡ ಉಪಾಯ ಅಂದರೆ ಹಿಂದಿನ ಸಾಲಿನಲ್ಲಿ ಕೂರುವುದು, ಹಾಡು ಬಂದಾಗ ಹಾಡಲು ಆಗದಿದ್ದರೆ ಸುಮ್ಮನೆ ನಿಂತು ಬೇರೆಯವರು ಹಾಡುವುದನ್ನು ಕೇಳುವುದು, ಕೊನೆಯ ಆಶೀರ್ವಾದ ಮುಗಿದ ಕೂಡಲೇ ಹೊರಡುವುದು. ಅಷ್ಟಾದರೂ ಹೋಗಿ. ನಿಮ್ಮ ಪಾಲಿನ ನಂಬಿಕೆಯನ್ನು ಅವತ್ತು ಅವರು ಹಾಡಿರುತ್ತಾರೆ.

ಹಳೆಯ ನೋಟ್‌ಬುಕ್ ಆಗಾಗ ತೆಗೆದು ನೋಡಿ. ಖಾಲಿ ಬಿಟ್ಟಿದ್ದ ಭರವಸೆಯ ಸಾಲು ಬರೆಯಲು ಬರುತ್ತದಾ ಅಂತ. ನನಗೆ ಆರು ವಾರದ ಮೇಲೆ ಬಂದ ಸಾಲು ಏನೂ ದೊಡ್ಡದಲ್ಲ. "ನೀನು ಇಲ್ಲೇ ಇದ್ದೀಯ ಅಂತ ಕಾಣುತ್ತೆ" ಅಂತಷ್ಟೇ ಬರೆದಿದ್ದೆ. ಆ "ಕಾಣುತ್ತೆ"ಯನ್ನು ಇನ್ನೂ ಹೊಡೆದುಹಾಕಿಲ್ಲ. ಮಾರ್ಕ 9ರಲ್ಲಿ ಕಾಯಿಲೆ ಮಗುವಿನ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ. ಮಗು ವಾಸಿಯಾಯಿತು.

ಕೊನೆಯದು ತಾರೀಖುಗಳು. ಅಪಘಾತವಾದ ದಿನ, ಹುಟ್ಟಿದ ದಿನ, ಕ್ರಿಸ್‌ಮಸ್. ಮೊದಲ ವರ್ಷದ ಆ ದಿನಗಳು ಬೆನ್ನ ಹಿಂದಿನಿಂದ ಬಂದು ಹೊಡೆಯುತ್ತವೆ. ಅವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವತ್ತಿಗೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಕೀರ್ತನೆ 56ರಲ್ಲಿ ನನ್ನ ಕಣ್ಣೀರನ್ನು ನಿನ್ನ ಬುದ್ದಲಿಯಲ್ಲಿ (ತೊಗಲಿನ ಚೀಲದಲ್ಲಿ) ತುಂಬಿಸಿಡು ಅನ್ನುವ ಮಾತಿದೆ. ಅದನ್ನು ಅವತ್ತು ಓದಲು ಎತ್ತಿಡಿ. ಮತ್ತೆ ಒಬ್ಬ ಗೆಳೆಯರಿಗೆ, ಆ ದಿನ ಬೆಳಿಗ್ಗೆ ಒಂದು ಫೋನ್ ಮಾಡು, ನಾನು ಎತ್ತದಿದ್ದರೆ ಸಂಜೆ ಮತ್ತೆ ಮಾಡು ಅಂತ ಮೊದಲೇ ಹೇಳಿಡಿ.